ಪೋರ್ಟೊಗೆ ಹೋಗುವವರೇ, ಕ್ಯಾನ್ಸಲ್ ಬಟನ್ ನೀವು ಒತ್ತಬೇಡಿ

ಮೊದಲೇ ಹೇಳಿಬಿಡುತ್ತೇನೆ. ಬುಕಿಂಗ್ ಕ್ಯಾನ್ಸಲ್ ಮಾಡಿದ್ದು ನಾನೇ. ನನ್ನ ಕೈಯಾರೆ. ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮ್ಯೂನಿಕ್‌ನಲ್ಲಿ ಆರು ವರ್ಷದಿಂದ ಇದ್ದೇನೆ, ಊರಿಂದ ಬಂದವರಿಗೆಲ್ಲ ರೂಮ್ ಹುಡುಕಿಕೊಡುವವನು ನಾನು. ಅಂಥವನೇ ಟೋಪಿ ಹಾಕಿಸಿಕೊಂಡ ಅಂದರೆ ಜನ ನಗೋದಿಲ್ವಾ? ನಗಲಿ ಬಿಡಿ.

ಮೈಸೂರಿಂದ ಅಪ್ಪ ಅಮ್ಮ ಬಂದಿದ್ದರು. ಜೂನ್ 21ರಿಂದ ನಾಲ್ಕು ರಾತ್ರಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಅಂತ ಏಪ್ರಿಲ್‌ನಲ್ಲೇ ಒಂದು ಆ್ಯಪ್‌ನಲ್ಲಿ ಬುಕ್ ಮಾಡಿದ್ದೆ. ರಿಬೇಯ್ರಾದಲ್ಲಿ ಮನೆ. ಡೋರು ನದಿಯ ದಡಕ್ಕೇ ಅಂಟಿಕೊಂಡ ಹಳೇ ಪೇಟೆ ಅದು. ಲಿಫ್ಟ್ ಇದೆ, ಬಾಲ್ಕನಿಯಲ್ಲಿ ಕೂತರೆ ನದಿ, 560 ಯೂರೊ. ಅಪ್ಪನಿಗೆ ಮಂಡಿ ನೋವು. ಪೋರ್ಟೊ ಮ್ಯಾಪ್‌ನಲ್ಲಿ ಅಂಗೈಯಷ್ಟೇ ಕಾಣುತ್ತೆ, ಆದರೆ ಅರ್ಧ ಊರು ಮೆಟ್ಟಿಲ ಮೇಲಿದೆ. ಮ್ಯಾಪ್ 'ಐದು ನಿಮಿಷ' ಅಂದರೆ ಅದು ಗಿಂಡೈಶ್ ಅನ್ನುವ ಕಡಿದಾದ ಮೆಟ್ಟಿಲೂ ಆಗಿರಬಹುದು, ಚಾಮುಂಡಿ ಬೆಟ್ಟ ನೆನಪಾಗುತ್ತೆ. ಅದಕ್ಕೇ ದುಡ್ಡು ಜಾಸ್ತಿಯಾದರೂ ಆಗಲಿ ಅಂತ ಆ ಮನೆ ಹಿಡಿದಿದ್ದೆ. ಇಷ್ಟೆಲ್ಲ ಹುಷಾರಿದ್ದವನು ನಾನು!

ಹೊರಡುವ ದಿನ ಏರ್‌ಪೋರ್ಟ್‌ನಲ್ಲಿ ಬೋರ್ಡಿಂಗ್ ಕ್ಯೂನಲ್ಲಿ ನಿಂತಿದ್ದೇವೆ, ಬಾಡಿಗೆ ಮನೆಯವನ ವಾಟ್ಸಾಪ್ ಬಂತು. 'ಮೈ ಫ್ರೆಂಡ್, ಬಾತ್‌ರೂಮಿನ ಪೈಪ್ ಒಡೆದಿದೆ, ಮನೆಯೆಲ್ಲ ನೀರು. ಚಿಂತೆ ಬೇಡ, ಇದಕ್ಕಿಂತ ದೊಡ್ಡ ಮನೆ ಇದೆ, ಅಲ್ಲೂ ನದಿ ಕಾಣುತ್ತೆ. 400 ಯೂರೊ ಕೊಟ್ಟರೆ ಸಾಕು. ನೀವು ಆ್ಯಪ್‌ನಲ್ಲಿ ಕ್ಯಾನ್ಸಲ್ ಒತ್ತಿ, 560 ವಾಪಸ್ ಬರುತ್ತೆ.'

ಒತ್ತಲು ಹೋದೆ. ಸ್ಕ್ರೀನ್ ಮೇಲೆ ಸ್ಪಷ್ಟವಾಗಿ ಬಂತು: ರೀಫಂಡ್ 0 ಯೂರೊ. ಸೊನ್ನೆ! ನೋಡಿದೆ. ನೋಡಲಿಲ್ಲ ಅಂತ ಸುಳ್ಳು ಹೇಳೋದಿಲ್ಲ. ಅವನನ್ನೇ ಕೇಳಿದೆ. 'ಮೈ ಫ್ರೆಂಡ್, ಅದು ಸಿಸ್ಟಮ್ ತಾನಾಗೇ ತೋರಿಸೋದು, ನನ್ನ ಕಡೆಯಿಂದ ಅಪ್ರೂವ್ ಮಾಡ್ತೀನಿ, ಐದು ನಿಮಿಷ' ಅಂದ. ಹಿಂದೆ ಅಮ್ಮ 'ಮುಂದೆ ಹೋಗೋ, ಎಲ್ಲ ನಿಂತಿದ್ದಾರೆ' ಅಂತಿದ್ದಾಳೆ. ಒತ್ತಿಬಿಟ್ಟೆ. ಅವನು ಹೇಳಿದ ಖಾತೆಗೆ 400 ಕೂಡ ಹಾಕಿಬಿಟ್ಟೆ. ಆ ಐದು ನಿಮಿಷ ಇನ್ನೂ ಮುಗಿದಿಲ್ಲ.

'ದೊಡ್ಡ ಮನೆ' ಪೋರ್ಟೊದಲ್ಲಿ ಇರಲೇ ಇಲ್ಲ. ನದಿಯ ಆಚೆ ದಡ, ವಿಲಾ ನೋವಾ ದೆ ಗಾಯಾ. ಅದು ಬೇರೆಯದೇ ಊರು. ಹಾಗಂತ ಗಾಯಾ ಕೆಟ್ಟ ಜಾಗ ಅಂತ ಹೇಳ್ತಿಲ್ಲ. ಪೋರ್ಟ್ ವೈನ್ ಇಡುವ ಹಳೇ ಗೋದಾಮುಗಳೆಲ್ಲ ಅಲ್ಲೇ ಇರೋದು, ದೋಂ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ಮೆಟ್ರೊ ಹೋಗುತ್ತೆ. ಬೇಕು ಅಂತ ಅಲ್ಲಿ ಉಳಿದುಕೊಂಡರೆ ಚೆನ್ನಾಗೇ ಇರುತ್ತೆ. ನಾನು ಬೇಕು ಅಂದಿರಲಿಲ್ಲ. ಮನೆ ಗುಡ್ಡದ ಮೇಲೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಪ್ಪ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಪ್ರತಿ ಮಹಡಿಯಲ್ಲೂ ನಿಂತು 'ಪರವಾಗಿಲ್ಲ ಕಣೋ' ಅಂದರು. ಆ ಮಾತೇ ನನ್ನನ್ನು ಜಾಸ್ತಿ ಚುಚ್ಚಿದ್ದು.

ಬೀಗದ ಕೈ ತಂದಿದ್ದ ಹುಡುಗನಿಗೆ ಏನೂ ಗೊತ್ತಿಲ್ಲವಂತೆ. ನದಿ ಎಲ್ಲಪ್ಪಾ ಅಂತ ಮನೆಯವನಿಗೆ ಮೆಸೇಜ್ ಹಾಕಿದೆ. ಉತ್ತರ ಕೇಳಿ: 'ಬಾತ್‌ರೂಮ್ ಕಿಟಕಿ ತೆಗೆಯಿರಿ, ಮೈ ಫ್ರೆಂಡ್.' ತೆಗೆದೆ. ಟಬ್ಬಿನ ಅಂಚಿನ ಮೇಲೆ ಹತ್ತಿ ನಿಂತು ಕತ್ತು ಹೊರಳಿಸಿದರೆ ಎರಡು ಹೆಂಚಿನ ಮಾಡುಗಳ ನಡುವೆ ಬೆರಳಗಲ ನೀರು ಕಾಣುತ್ತೆ. ನದಿ ಇದೆ, ಸುಳ್ಳು ಹೇಳಿಲ್ಲ ಮಹಾರಾಯ!

ಮಾರನೇ ದಿನ ಟ್ಯಾಕ್ಸಿ ಮಾಡಿಕೊಂಡು ರಿಬೇಯ್ರಾಗೆ ಹೋದೆವು. ಮೊದಲು ಬುಕ್ ಮಾಡಿದ್ದ ಮನೆ ಯಾವುದು ಅಂತ ಅಮ್ಮನಿಗೆ ತೋರಿಸಿದೆ, ಫೋಟೋದಲ್ಲಿದ್ದ ಹಳದಿ ಟೈಲ್ಸ್‌ನ ಗೋಡೆಯೇ. ಬಾಲ್ಕನಿಯಲ್ಲಿ ಇಬ್ಬರು ಗ್ಲಾಸ್ ಹಿಡಿದು ಕೂತಿದ್ದರು. ಪಕ್ಕದ ಹಗ್ಗದ ಮೇಲೆ ಟವೆಲ್‌ಗಳು. ಅಮ್ಮ ಸ್ವಲ್ಪ ಹೊತ್ತು ಮೇಲೇ ನೋಡಿ ಕೇಳಿದಳು, 'ಪೈಪ್ ಒಡೆದ ಮನೆಯಲ್ಲಿ ಬಟ್ಟೆ ಹೇಗೋ ಒಗೆದರು?'

ಆಗ ತಲೆಗೆ ಹೋಯಿತು. ಜೂನ್ 23ರ ರಾತ್ರಿ ಆ ಊರಿನಲ್ಲಿ ಸಾವ್ ಜೋವಾವ್ ಹಬ್ಬ. ಬೀದಿ ತುಂಬ ಸಾರ್ಡೀನ್ ಮೀನು ಸುಡುವ ಹೊಗೆ, ಸಿಕ್ಕವರ ತಲೆಗೆಲ್ಲ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಕುಟ್ಟುವ ಜನ, ನಡುರಾತ್ರಿ ನದಿಯ ಮೇಲೆ ಪಟಾಕಿ. (ಅಂಗಡಿಗಳಲ್ಲಿ ಮಂಜೆರಿಕು ಅಂತ ಪುಟ್ಟ ಎಲೆಯ ಗಿಡ ಮಾರುತ್ತಾರೆ. ಅಮ್ಮ ನೋಡಿದ್ದೇ 'ತುಳಸಿ ಸಂಬಂಧಿಕಳು' ಅಂದಳು. ಅವಳು ಖುಷಿಯಾಗಿದ್ದು ಅದೊಂದಕ್ಕೇ.) ಹಬ್ಬಕ್ಕೆ ಬಾಡಿಗೆ ಗಗನಕ್ಕೇರುತ್ತೆ. ನಾನು ಏಪ್ರಿಲ್‌ನಲ್ಲಿ ಹಿಡಿದ ಬೆಲೆ ಅವನಿಗೆ ಚುಚ್ಚುತ್ತಿತ್ತು ಅಂತ ಕಾಣುತ್ತೆ. ತಾನೇ ಕ್ಯಾನ್ಸಲ್ ಮಾಡಿದರೆ ಆ್ಯಪ್ ದಂಡ ಹಾಕುತ್ತೆ. ಅದಕ್ಕೆ ನನ್ನ ಕೈಯಲ್ಲಿ ಮಾಡಿಸಿದ.

ಆ್ಯಪ್‌ನವರಿಗೆ ಫೋನ್ ಮಾಡಿದೆ. 'ಅತಿಥಿಯೇ ರದ್ದು ಮಾಡಿದ್ದಾರೆ ಅಂತ ನಮ್ಮ ದಾಖಲೆಯಲ್ಲಿದೆ.' ಪೈಪ್ ಒಡೆದಿದೆ ಅಂದನಲ್ಲ? 'ಅದು ವಾಟ್ಸಾಪ್‌ನಲ್ಲಿ ಆದ ಮಾತು ಸರ್.' ಮತ್ತೆ ಮತ್ತೆ ಫೋನ್ ಮಾಡಿದೆ, ಪ್ರತಿ ಸಲ ಬೇರೆ ಹೆಣ್ಣುಮಗಳು, ಅದೇ ವಾಕ್ಯ. ನಾನೇ ರದ್ದು ಮಾಡಿದ್ದರಿಂದ ಆ ಮನೆಗೆ ರಿವ್ಯೂ ಬರೆಯೋಕೂ ಆಗೋದಿಲ್ಲ. ಅಲ್ಲಿ ಎಲ್ಲರೂ ಹೊಗಳಿದ್ದೇ ಇದೆ. ಹೊಗಳದವರೆಲ್ಲ ನನ್ನ ಹಾಗೆ ಹೊರಗಿದ್ದಾರೋ ಏನೋ!

ಒಂದೇ ಒಂದು ಕೆಲಸ ಫಲ ಕೊಟ್ಟಿತು. ಪೋರ್ಚುಗಲ್‌ನಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಗೆ 'ಎಎಲ್' ಅಂತ ಕೊನೆಯಾಗುವ ನೋಂದಣಿ ಸಂಖ್ಯೆ ಇರಬೇಕು. ಗಾಯಾದ ಮನೆಯ ಬಾಗಿಲಲ್ಲಿ ಆ 'ಎಎಲ್' ಫಲಕವೇ ಇರಲಿಲ್ಲ. ಮತ್ತೆ ಅಲ್ಲಿ ವ್ಯಾಪಾರ ಮಾಡುವವರೆಲ್ಲ ದೂರಿನ ಪುಸ್ತಕ ಇಟ್ಟಿರಲೇಬೇಕು, 'ಲಿವ್ರು ದೆ ರೆಕ್ಲಮಸೋಯ್ಷ್' ಅಂತಾರೆ. ಕೆಳಗಿನ ಕೆಫೆಯಾಕೆ ಹೇಳಿಕೊಟ್ಟಳು. ಬೀಗದ ಕೈ ಹುಡುಗನನ್ನು ಕೇಳಿದೆ, ಏನೂ ಗೊತ್ತಿಲ್ಲದವನ ಮುಖ ಬಿಳಿಚಿಕೊಂಡಿತು. ಪುಸ್ತಕ ಕೊಡಲಿಲ್ಲ. ಆನ್‌ಲೈನ್‌ನಲ್ಲೂ ಅದು ಇದೆ, ರಿಬೇಯ್ರಾ ಮನೆಯ ಸಂಖ್ಯೆ ಹಾಕಿ ದೂರು ಬರೆದೆ. 15 ಕೆಲಸದ ದಿನದೊಳಗೆ ಮನೆಯವನು ಉತ್ತರ ಕೊಡಬೇಕು.

ಹೋಗುವವರಿದ್ದರೆ, ಮನೆಯವನ ಜೊತೆ ಆ್ಯಪ್ ಒಳಗೇ ಮಾತಾಡಿ. ಪೈಪ್ ಒಡೆದರೆ, ಕರೆಂಟ್ ಹೋದರೆ, ಅವರಜ್ಜಿ ಸತ್ತರೂ ಕ್ಯಾನ್ಸಲ್ ಅವರೇ ಮಾಡಲಿ. ಜೂನ್ ಕೊನೆಯಾದರೆ ಹಬ್ಬದ ದಿನ ನೋಡಿಕೊಳ್ಳಿ. ಮನೆ ಮುಂದಿನ ಬೀದಿಯ ಫೋಟೋ ನೋಡಿ, ಮೆಟ್ಟಿಲು ಕಂಡರೆ ಬಿಟ್ಟುಬಿಡಿ.

ದೂರು ಹಾಕಿದ ಎಂಟನೇ ದಿನ ಖಾತೆಗೆ 150 ಯೂರೊ ಬಂತು. ಜೊತೆಗೆ ಮೆಸೇಜ್, ಈ ಸಲ 'ಮೈ ಫ್ರೆಂಡ್' ಇಲ್ಲ: 'ಸರ್, ದಯವಿಟ್ಟು ದೂರು ವಾಪಸ್ ತಗೊಳ್ಳಿ.' ಉಳಿದ 410 ಎಲ್ಲಿ ಅಂತ ಕೇಳಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.