ಎಸ್‌ಎಂಪಿಎಸ್ ಹಾಕಿದ ಮೇಲೆ ಹಳೆಯ ಟ್ರಾನ್ಸ್‌ಫಾರ್ಮರ್ ಕಿತ್ತೆಸೆಯಬೇಡಿ: ಆರ್ಕೇಡ್ ಮಾನಿಟರ್ ಇಟ್ಟುಕೊಂಡವರಿಗೆ ಎಚ್ಚರಿಕೆ

ಅಮೆರಿಕದಿಂದ ತರಿಸಿದ ಒಂದು ಹಳೆಯ ಆರ್ಕೇಡ್ ಕ್ಯಾಬಿನೆಟ್, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ. ಒಳಗೆ 19 ಇಂಚಿನ ಎಲೆಕ್ಟ್ರೋಹೋಮ್ ಜಿ07 ಮಾನಿಟರ್. ಗೇಮ್ ಬೋರ್ಡಿಗೆ 5 ವೋಲ್ಟ್, 12 ವೋಲ್ಟ್ ಕೊಡುತ್ತಿದ್ದ ಹಳೆಯ ಲೀನಿಯರ್ ಸಪ್ಲೈ ತೆಗೆದು ಹೊಸ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಕೂರಿಸಿದ್ದಾರೆ. ಅಲ್ಲಿಯವರೆಗೆ ಸರಿ. ಆದರೆ ಜೊತೆಗೆ ತಳದಲ್ಲಿದ್ದ ಭಾರದ ಟ್ರಾನ್ಸ್‌ಫಾರ್ಮರನ್ನೂ ಬೇಡವೆಂದು ಕಿತ್ತು, ಮಾನಿಟರನ್ನು ಅಂಗಡಿಯ 230ರಿಂದ 110ರ ಸ್ಟೆಪ್-ಡೌನ್‌ಗೆ ನೇರವಾಗಿ ಜೋಡಿಸಿದ್ದಾರೆ. ಸ್ವಿಚ್ ಹಾಕಿದ ಕ್ಷಣವೇ ಢಂ ಅಂದಿದೆ.

ಬಿಚ್ಚಿ ನೋಡಿದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್‌ನಲ್ಲಿ ಎರಡು ಡಯೋಡ್ ಶಾರ್ಟ್, ಫ್ಯೂಸಿನ ಗಾಜಿಗೆ ಒಳಗಿನಿಂದ ಕರಿ ಮೆತ್ತಿದೆ. ಗೇಮ್ ಬೋರ್ಡಿನ ಜಾಮಾ (ಆರ್ಕೇಡ್ ಬೋರ್ಡುಗಳ ಸಾಮಾನ್ಯ ಕನೆಕ್ಟರ್) ಅಂಚಿನಲ್ಲಿ 14ನೇ ಪಿನ್, ಅಂದರೆ ವಿಡಿಯೋ ಗ್ರೌಂಡ್, ಅಲ್ಲಿಂದ ಹೊರಟ ತಾಮ್ರದ ಗೆರೆ ಬೋರ್ಡಿನಿಂದ ಎದ್ದು ಸುರುಳಿ ಸುತ್ತಿಕೊಂಡಿದೆ.

ಕಾರಣ ಇಷ್ಟು. ಜಿ07, ವೆಲ್ಸ್-ಗಾರ್ಡ್ನರ್ ಕೆ4600, ಕೆ4900, ಕೆ7000 ಇಂಥ ಮಾನಿಟರ್‌ಗಳು ಬಂದ ಎಸಿಯನ್ನು ನೇರವಾಗಿ ಬ್ರಿಡ್ಜ್‌ಗೆ ಕೊಟ್ಟು ಡಿಸಿ ಮಾಡಿಕೊಳ್ಳುತ್ತವೆ. ಜಿ07ರಲ್ಲಿ 120 ವೋಲ್ಟ್ ಎಸಿಯ ತುದಿ ಸುಮಾರು 170 ವೋಲ್ಟ್. ಅದನ್ನು ಲೀನಿಯರ್ ರೆಗ್ಯುಲೇಟರ್ 120 ವೋಲ್ಟ್ ಬಿ ಪ್ಲಸ್‌ಗೆ, ಅಂದರೆ ಮಾನಿಟರ್ ಓಡುವ ಮುಖ್ಯ ಡಿಸಿಗೆ, ಇಳಿಸುತ್ತದೆ. ಚಾಸಿಸ್ (ಮಾನಿಟರಿನ ಸರ್ಕ್ಯೂಟ್ ಬೋರ್ಡ್) ಒಳಗೆ ಮೇನ್ಸ್‌ನಿಂದ, ಅಂದರೆ ಗೋಡೆಯ ಕರೆಂಟಿನಿಂದ, ಬೇರ್ಪಡಿಸುವ ಭಾಗವೇ ಇಲ್ಲ. ಆ ಕೆಲಸ ಮಾಡುತ್ತಿದ್ದದ್ದು ತಳದಲ್ಲಿದ್ದ ಟ್ರಾನ್ಸ್‌ಫಾರ್ಮರ್. ಅದು ಹೋದ ಮೇಲೆ ಮಾನಿಟರಿನ ಗ್ರೌಂಡ್ ಅಂದರೆ ಮೇನ್ಸೇ. ವಿಡಿಯೋ ಗ್ರೌಂಡ್ ಗೇಮ್ ಬೋರ್ಡಿಗೆ, ಅಲ್ಲಿಂದ ಎಸ್‌ಎಂಪಿಎಸ್‌ಗೆ, ಅಲ್ಲಿಂದ ಅರ್ತ್‌ಗೆ ಸೇರಿದ್ದರೆ, ಪ್ರತಿ ಸೈಕಲ್ಲಿನ ಅರ್ಧದಲ್ಲಿ ಒಂದು ಡಯೋಡಿನ ಮೂಲಕ ನೇರ ಶಾರ್ಟ್. ಪ್ಲಗ್ ತಿರುಗಿಸಿ ಹಾಕಿದರೂ ಪ್ರಯೋಜನವಿಲ್ಲ, ಬ್ರಿಡ್ಜ್ ಎರಡೂ ಕಡೆ ಒಂದೇ ಥರ.

ಇದಕ್ಕಿಂತ ಭಯ ಹುಟ್ಟಿಸುವುದು ಅರ್ತಿಂಗ್ ಇಲ್ಲದ ಮನೆ. ಅಲ್ಲಿ ಫ್ಯೂಸ್ ಹಾರುವುದೇ ಇಲ್ಲ, ಆಟ ಚೆನ್ನಾಗಿಯೇ ಓಡುತ್ತದೆ. ಗ್ರೌಂಡ್ ವೈರ್ ತಾಗಿದ ಕಾಯಿನ್ ಡೋರ್, ಕಂಟ್ರೋಲ್ ಪ್ಯಾನೆಲ್ಲಿನ ಬೋಲ್ಟು ಎಲ್ಲದರಲ್ಲೂ ಕರೆಂಟ್ ಇರುತ್ತದೆ. ಆಡುವವರು ಸಾಮಾನ್ಯವಾಗಿ ಮಕ್ಕಳು.

ಅಂಗಡಿಯಲ್ಲಿ ಸಿಗುವ ಸ್ಟೆಪ್-ಡೌನ್‌ಗಳಲ್ಲಿ ಬಹಳಷ್ಟು ಆಟೋಟ್ರಾನ್ಸ್‌ಫಾರ್ಮರ್‌ಗಳು: ಒಂದೇ ಸುರುಳಿ, ಮಧ್ಯದಲ್ಲಿ ಟ್ಯಾಪ್. ವೋಲ್ಟೇಜ್ ಇಳಿಸುತ್ತವೆ, ಬೇರ್ಪಡಿಸುವುದಿಲ್ಲ. ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ಹೊರೆ ಬಿಡಿಸಿ, ಸ್ವಿಚ್ ಆನ್ ಇಟ್ಟು, ಮೀಟರನ್ನು ಓಮ್‌ಗೆ ಹಾಕಿ. ಇನ್‌ಪುಟ್‌ನ ಎರಡು ಪಿನ್, ಔಟ್‌ಪುಟ್‌ನ ಎರಡು ಪಿನ್, ನಾಲ್ಕೂ ಜೋಡಿ ಅಳೆಯಿರಿ. ಯಾವುದಾದರೂ ಒಂದರಲ್ಲಿ ಕೆಲವೇ ಓಮ್ ತೋರಿಸಿದರೆ ಅದು ಆಟೋ. ನಾಲ್ಕರಲ್ಲೂ ಓಪನ್ ಬಂದರಷ್ಟೇ ಐಸೊಲೇಷನ್, ಅಂದರೆ ಮೇನ್ಸ್‌ನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್. ಡಬ್ಬಿಯ ಮೇಲೆ ಬರೆದದ್ದನ್ನು, ಅಂಗಡಿಯವರು ಹೇಳಿದ್ದನ್ನು ನಂಬಬೇಡಿ, ಮೀಟರನ್ನು ನಂಬಿ.

ಮಾನಿಟರ್ ಯಾವ ಜಾತಿಯದು ಎಂಬುದಕ್ಕೂ ಪರೀಕ್ಷೆ ಇದೆ. ಎಲ್ಲ ವೈರ್ ಬಿಡಿಸಿ, ಕೆಪಾಸಿಟರ್ ಖಾಲಿ ಮಾಡಿ, ಮೀಟರ್ ಡಯೋಡ್ ಮೋಡ್‌ನಲ್ಲಿಟ್ಟು ಕೆಂಪು ತಂತಿಯನ್ನು ವಿಡಿಯೋ ಗ್ರೌಂಡ್‌ಗೆ, ಕಪ್ಪನ್ನು ಎಸಿ ಇನ್‌ಪುಟ್‌ನ ಒಂದೊಂದೇ ಪಿನ್‌ಗೆ ಹಿಡಿಯಿರಿ. ಸುಮಾರು 0.5 ವೋಲ್ಟ್ ಬಂದರೆ ಬ್ರಿಡ್ಜ್ ನೇರವಾಗಿ ಗ್ರೌಂಡ್‌ಗೆ ಸೇರಿದೆ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಸ್ವಿಚಿಂಗ್ ಸಪ್ಲೈ ಇರುವ ಚಾಸಿಸ್‌ಗೂ ಇದನ್ನು ಮಾಡಿಯೇ ನೋಡಿ; ಚಾಪರ್ (ವೇಗವಾಗಿ ಆನ್-ಆಫ್ ಆಗುವ ಟ್ರಾನ್ಸಿಸ್ಟರ್) ಇದ್ದೂ ಬೇರ್ಪಡಿಸದ ವಿನ್ಯಾಸಗಳು ಬೇಕಾದಷ್ಟಿವೆ.

ಹಳೆಯ ಟ್ರಾನ್ಸ್‌ಫಾರ್ಮರ್ ಇನ್ನೂ ಇದ್ದರೆ ದಾರಿ ಸಲೀಸು: 230ರಿಂದ 120ಕ್ಕೆ ಆಟೋ, ಅದರ ನಂತರ ಕ್ಯಾಬಿನೆಟ್‌ನದೇ ಐಸೊಲೇಷನ್. 60 ಹರ್ಟ್ಸ್‌ಗೆ ಮಾಡಿದ್ದು ನಮ್ಮ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ, ಅರ್ಧ ಗಂಟೆ ಓಡಿಸಿ, ಪ್ಲಗ್ ಕಿತ್ತು ಮುಟ್ಟಿ ನೋಡಿ. ಹಳೆಯದು ಇಲ್ಲದಿದ್ದರೆ ವೈಂಡಿಂಗ್ ಮಾಡುವವರಲ್ಲಿ 230/120, ಪ್ರತ್ಯೇಕ ಎರಡು ಸುರುಳಿ, 200 ವಿಎ, 50 ಹರ್ಟ್ಸ್ ಎಂದು ಹೇಳಿ ಮಾಡಿಸಿ. ಪಿಕ್ಚರ್ ಟ್ಯೂಬಿನ ಕತ್ತಿನಿಂದ ದೂರ ಕೂರಿಸಿ. 60 ಹರ್ಟ್ಸ್ ಚಿತ್ರಕ್ಕೆ 50 ಹರ್ಟ್ಸ್ ಕಾಂತಕ್ಷೇತ್ರ ಸೋಕಿದರೆ ಚಿತ್ರ ಸೆಕೆಂಡಿಗೆ 10 ಸಲ ನಡುಗುತ್ತದೆ. ಅದನ್ನು ಕೆಪಾಸಿಟರ್ ದೋಷ ಅಂದುಕೊಂಡು ಬದಲಾಯಿಸುತ್ತ ಕೂರುವವರಿದ್ದಾರೆ.

ರಿಪೇರಿ ಮಾಡುವವರಿಗೆ ಇನ್ನೊಂದು. ಲೀನಿಯರ್ ಚಾಸಿಸ್ಸಿಗೆ ಕೊಡುವ ವೋಲ್ಟೇಜನ್ನು ವೇರಿಯಾಕ್‌ನಲ್ಲಿ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ನಿಧಾನವಾಗಿ ಏರಿಸಬಹುದು. ಸ್ವಿಚಿಂಗ್ ಸಪ್ಲೈಗೆ ಹಾಗೆ ಮಾಡಬೇಡಿ. ವೋಲ್ಟೇಜ್ ಕಮ್ಮಿಯಾದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಟ್ರಾನ್ಸಿಸ್ಟರ್ ಹೋಗಬಹುದು. 230ರಲ್ಲಿ ಓಡುವ ಸ್ವಿಚಿಂಗ್ ಸಪ್ಲೈ ಕೆಟ್ಟು ನಿಂತಾಗ ಮುಖ್ಯ ಕೆಪಾಸಿಟರಿನಲ್ಲಿ 325 ವೋಲ್ಟ್‌ವರೆಗೆ ಹಾಗೇ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಹಿಡಿಯದೆ 2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರಿನಿಂದ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ ಕೈ ಹಾಕಿ.

ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದೆ ಎಂಬ ಧೈರ್ಯವೂ ಬೇಡ. ಐಸೊಲೇಷನ್ ಟ್ರಾನ್ಸ್‌ಫಾರ್ಮರಿನ ಆಚೆ ನಡೆಯುವ ಸೋರಿಕೆ ಅದಕ್ಕೆ ಕಾಣುವುದಿಲ್ಲ. ಗೇಮ್ ಬೋರ್ಡ್ ಮೂಲಕ ಗ್ರೌಂಡ್ ಅರ್ತ್ ಆಗಿರುವುದರಿಂದ, ಬಿ ಪ್ಲಸ್‌ಗೆ ಒಂದು ಕೈ, ಲೋಹದ ಚೌಕಟ್ಟಿಗೆ ಇನ್ನೊಂದು ಕೈ ತಾಗಿದರೆ 120 ವೋಲ್ಟ್ ಎದೆಯ ಮೂಲಕವೇ ಹೋಗುತ್ತದೆ, ಆರ್‌ಸಿಸಿಬಿ ಟ್ರಿಪ್ ಆಗುವುದಿಲ್ಲ.