ಕೇರಂ ಟೂರ್ನಿ ಬಹುಮಾನ: ಎಂಟ್ರಿ ಫೀಸಾ, ಸ್ಪಾನ್ಸರ್ ದುಡ್ಡಾ?

ನಮ್ಮೂರು ಕೊಡಗಿನ ಗೋಣಿಕೊಪ್ಪದ ಹತ್ತಿರ. ಜೂನ್ ಬಂತು ಅಂದರೆ ಮೈದಾನ ಕೆಸರು. ಹಾಕಿ ಇಲ್ಲ, ಕ್ರಿಕೆಟ್ ಇಲ್ಲ, ಕ್ಲಬ್ಬಿನ ಒಳಗೆ ಕೂತು ಕೇರಂ ಒಂದೇ. ಮೂರು ವರ್ಷದಿಂದ ಆಗಸ್ಟ್‌ನಲ್ಲಿ ಟೂರ್ನಿ ನಡೆಸುತ್ತಿದ್ದೇವೆ, ಲೆಕ್ಕದ ಪುಸ್ತಕ ನನ್ನ ಹತ್ತಿರ ಇರುತ್ತದೆ. ಮೊದಲ ವರ್ಷ ಬಹುಮಾನ ಪೂರ್ತಿ ಆಟಗಾರರ ಫೀಸಿನಿಂದ. ಎರಡನೇ ವರ್ಷ ಪೂರ್ತಿ ಸ್ಪಾನ್ಸರ್ ದುಡ್ಡಿನಿಂದ. ಎರಡು ಸಲವೂ ಬೈಸಿಕೊಂಡೆ, ಆದರೆ ಬೈಗುಳ ಬೇರೆ ಬೇರೆ.

ಫೀಸಿನ ವರ್ಷದ ಲೆಕ್ಕ ಸುಲಭ. 32 ಜನ, ತಲಾ 200 ರೂಪಾಯಿ, ಒಟ್ಟು 6,400. ಹಾಲ್ ಬಾಡಿಗೆ, ಪೌಡರ್, ಹೊಸ ಪಾನ್ ಸೆಟ್, ಟೀ ಬನ್ನು ಸೇರಿ 2,400 ಹೋಯಿತು. ಉಳಿದ 4,000ದಲ್ಲಿ ಫಸ್ಟ್‌ಗೆ 2,500, ಸೆಕೆಂಡ್‌ಗೆ 1,500. ನೋಟುಗಳನ್ನು ಎಲ್ಲರೆದುರು ಬೋರ್ಡ್ ಮೇಲೇ ಎಣಿಸಿದೆವು. ಯಾರಿಗೂ ಸಂಶಯ ಬರಲಿಲ್ಲ, ಯಾರ ಕಾಲೂ ಹಿಡಿಯಲಿಲ್ಲ. ಈ ನೆಮ್ಮದಿ ಸ್ಪಾನ್ಸರ್ ವರ್ಷದಲ್ಲಿ ಒಂದು ದಿನವೂ ಸಿಗಲಿಲ್ಲ.

ಆದರೆ ಮೊದಲ ರೌಂಡ್‌ನಲ್ಲೇ ಒಬ್ಬ ಹುಡುಗ ಸೋತ. ತೋಟದ ಕೆಲಸಗಾರರ ಲೈನ್ ಮನೆಯಿಂದ ಮಳೆಯಲ್ಲಿ ನಡೆದು ಬಂದವನು. 25 ಪಾಯಿಂಟಿನ ಒಂದೇ ಗೇಮ್, ಅವನ ಲೆಕ್ಕ 3ಕ್ಕೆ ನಿಂತಿತು. ಕೈಗೆ ಅಂಟಿದ ಪೌಡರನ್ನು ಪ್ಯಾಂಟಿಗೆ ಒರೆಸಿಕೊಂಡು, "ಇನ್ನೂರು ರೂಪಾಯಿಗೆ ಇಷ್ಟೇನಾ ಅಣ್ಣಾ?" ಅಂದ. ಏನು ಹೇಳಲಿ? ಫೈನಲ್‌ಗೆ ಯಾರು ಬರುತ್ತಾರೆ ಅಂತ ಇಡೀ ಊರಿಗೆ ಮೊದಲೇ ಗೊತ್ತಿತ್ತು, ಅವರಿಬ್ಬರೇ ಬಂದರು. ಮೂವತ್ತು ಜನ ಸೇರಿ ಇಬ್ಬರ ಜೇಬು ತುಂಬಿಸಿದ ಹಾಗಾಯಿತು. ಸೋತವರು 100 ರೂಪಾಯಿ ಕೊಟ್ಟು ಮತ್ತೆ ಸೇರಬಹುದು ಅಂತ ಇಡೋಣ ಎಂದು ಒಬ್ಬರು ಹೇಳಿದರು. ಬೇಡ ಅಂದೆ, ಅದು ಜೂಜಿನ ದಾರಿ.

ಇದು ನಮ್ಮೂರಿನ ತಲೆನೋವು ಮಾತ್ರ ಅಲ್ಲ. ಯಂತ್ರದೊಳಗೆ ಲೋಹದ ಗುಂಡು ಹೊಡೆದು ಸ್ಕೋರ್ ಮಾಡುವ ಆಟ, ಅಮೆರಿಕದ ಪಿನ್‌ಬಾಲ್, ಅದರಲ್ಲೂ ಇದೇ ಜಗಳ. ಅಲ್ಲಿ ದುಡ್ಡು ಕಟ್ಟಿ ಎಷ್ಟು ಸಲ ಬೇಕಾದರೂ ಆಡಿ ಸ್ಕೋರ್ ಏರಿಸಿಕೊಳ್ಳುವ ಟೂರ್ನಿಗಳಿವೆ, ಆಟಗಾರರು ಅದನ್ನು ಪಂಪ್ ಅಂಡ್ ಡಂಪ್ ಅಂತಾರೆ. ರ್‍ಯಾಂಕಿಂಗ್ ನೋಡಿಕೊಳ್ಳುವ ಐಎಫ್‌ಪಿಎ 2018ರಿಂದ ಅಮೆರಿಕ, ಕೆನಡಾದ ಟೂರ್ನಿಗಳಲ್ಲಿ ಆಟಗಾರನಿಗೆ ಒಂದು ಡಾಲರ್‌ನಂತೆ ಫೀಸ್ ಇಟ್ಟಿತು. ಅದು ಹೋಗುವುದು ಮೇಲಿನ ಚಾಂಪಿಯನ್‌ಶಿಪ್‌ಗಳ ಬಹುಮಾನಕ್ಕೆ. ವಾರಕ್ಕೊಮ್ಮೆ ಸುಮ್ನೆ ಖುಷಿಗೆ ಆಡುವವನು ಅಲ್ಲಿವರೆಗೆ ಹೋಗೋದೇ ಇಲ್ಲ, ಅಲ್ವಾ? ನಮ್ಮ ಲೈನ್ ಮನೆ ಹುಡುಗನ ಪ್ರಶ್ನೆಯೇ ಅದು.

ಎರಡನೇ ವರ್ಷ ಎಂಟ್ರಿ ಫ್ರೀ. ಹೋಂಸ್ಟೇ, ದಿನಸಿ ಅಂಗಡಿ, ತೋಟದ ಮಾಲೀಕರು ಅಂತ ಸುತ್ತಿ 15,000ಕ್ಕೆ ಬಾಯಿಮಾತು ಪಡೆದೆವು. ಕೈಗೆ ಬಂದದ್ದು 11,000. ಅದರಲ್ಲಿ 1,800 ಫ್ಲೆಕ್ಸ್‌ಗೇ ಹೋಯಿತು, ಎಲ್ಲರ ಫೋಟೋ ಬೇಕಲ್ಲ. ಹೆಸರು ಕೊಟ್ಟವರು 64, ಬಂದವರು 45. ಬಿಟ್ಟಿ ಅಂದರೆ ಹೆಸರು ಕೊಡೋದಕ್ಕೂ ಬಿಡೋದಕ್ಕೂ ಯೋಚನೆಯೇ ಇಲ್ಲ. ಮೊದಲ ರೌಂಡ್ ಅರ್ಧ ವಾಕ್‌ಓವರ್‌ನಲ್ಲೇ ಮುಗಿಯಿತು.

ಕ್ವಾರ್ಟರ್ ಫೈನಲ್ ಹೊತ್ತಿಗೆ ಕರೆಂಟ್ ಹೋಯಿತು. ಆಗಸ್ಟ್‌ನಲ್ಲಿ ಅದೇನು ಹೊಸದಲ್ಲ. ಕಿಟಕಿಯಿಂದ ಸ್ವಲ್ಪ ಬೆಳಕು ಬರಬೇಕಿತ್ತು, ಆದರೆ ಕಿಟಕಿಗೇ ಅಡ್ಡಲಾಗಿ ಫ್ಲೆಕ್ಸ್ ಕಟ್ಟಿದ್ದೆವು. ಬೋರ್ಡ್ ಮೇಲೆ ರೆಡ್ ಯಾವುದು, ಕಪ್ಪು ಯಾವುದು ಅಂತ ಕಾಣುತ್ತಿಲ್ಲ. ಇಬ್ಬರು ಕುರ್ಚಿ ಹತ್ತಿ ಫ್ಲೆಕ್ಸನ್ನು ಸುರುಳಿ ಸುತ್ತಿ ಮೇಲೆ ಕಟ್ಟುತ್ತಿದ್ದಾರೆ, ಅದೇ ಹೊತ್ತಿಗೆ ಒಂದೂವರೆ ಗಂಟೆ ತಡವಾಗಿ ದೊಡ್ಡ ಸ್ಪಾನ್ಸರ್ ಕೊಡೆ ಮಡಚುತ್ತಾ ಒಳಗೆ ಬಂದರು. ಅವರ ಮುಖ ಅರ್ಧ ಸುತ್ತಿ ಹೋಗಿತ್ತು. ಫೋಟೋದಲ್ಲೂ, ಎದುರಿಗೂ.

ಮುಂದಿನ ವರ್ಷ ಅವರನ್ನು ಕೇಳಿದರೆ, "ಮಳೆಗೆ ಕಾಫಿ ಕಾಯಿ ಉದುರಿದೆ, ಈ ಸಲ ಬೇಡ" ಅಂದರು. ನಿಜವೇ ಇರಬಹುದು, ಆ ವರ್ಷ ಕಾಯಿ ಉದುರಿದ್ದು ಹೌದು. ಆದರೂ ಆಗ ಗೊತ್ತಾಯಿತು, ಹೊರಗಿನ ದುಡ್ಡಿಗೆ ಟೂರ್ನಿಯನ್ನೇ ಕಟ್ಟಿಹಾಕಬಾರದು.

ಹೆಸರಿಗಾಗಿ ಖರ್ಚು ಮಾಡೋದು ಕೊಡಗಿನಲ್ಲಿ ತಪ್ಪೇನಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರುಮಾಡಿದ, ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಗೆ ವರ್ಷಕ್ಕೊಂದು ಕುಟುಂಬದ ಹೆಸರು. ಮೊದಲು 60 ತಂಡ ಇದ್ದದ್ದು 2024ರಲ್ಲಿ ನಾಪೋಕ್ಲುವಿನಲ್ಲಿ 360 ಆಯಿತು. ಆದರೆ ಅಲ್ಲಿ ಹೆಸರಿನ ಜೊತೆ ಕೆಲಸವೂ ಆ ಕುಟುಂಬದ ತಲೆ ಮೇಲೆ. ನಮ್ಮ ಸ್ಪಾನ್ಸರ್‌ಗಳಿಗೆ ಫ್ಲೆಕ್ಸ್ ಸಾಕು, ಪೌಡರ್ ಮುಗಿದರೆ ಓಡೋದು ನಾವೇ.

ಮೂರನೇ ವರ್ಷ ಎರಡನ್ನೂ ಬೇರೆ ಮಾಡಿದೆ. ಫೀಸ್ 100, ಅದು ಬರೀ ನಡೆಸುವ ಖರ್ಚಿಗೆ. ಸ್ಪಾನ್ಸರ್ ದುಡ್ಡು ಬರೀ ಬಹುಮಾನಕ್ಕೆ. ಅದೂ ಡ್ರಾ ಎತ್ತುವ ಮೊದಲೇ ಕೈಗೆ ಬಂದಿದ್ದರೆ ಮಾತ್ರ ಲೆಕ್ಕಕ್ಕೆ. 40 ಜನ ಹೆಸರು ಕೊಟ್ಟರು, 38 ಜನ ಬಂದರು. ಬಹುಮಾನ ಎರಡನೇ ವರ್ಷಕ್ಕಿಂತ ಕಡಿಮೆ, ಫಸ್ಟ್‌ಗೆ 3,000. ಗೆದ್ದವನು ಗೊಣಗಿದ, ಗೊಣಗಲಿ. ಲೈನ್ ಮನೆ ಹುಡುಗನೂ ಬಂದಿದ್ದ. ಬೇಗ ಸೋತವರಿಗೆ ಅಂತ ಪಕ್ಕದಲ್ಲೇ ಇನ್ನೊಂದು ಬೋರ್ಡ್ ಹಾಕಿದ್ದೆವು, ಸಂಜೆವರೆಗೂ ಅಲ್ಲೇ ಆಡಿದ. ಅಲ್ಲಿ ಗೆದ್ದವರಿಗೆ ಐದು ಕೆಜಿ ಕಾಫಿ ಪುಡಿ. ದುಡ್ಡಿನ ಬದಲು ಒಬ್ಬರು ಅದನ್ನೇ ಕೊಟ್ಟಿದ್ದರು, ಬೇರೆ ಎಲ್ಲಿ ಹಾಕೋದು ಅಂತ ನನಗೂ ಗೊತ್ತಿರಲಿಲ್ಲ.

ಈ ಆಗಸ್ಟ್‌ಗೂ ನೂರೇ ರೂಪಾಯಿ. ಫ್ಲೆಕ್ಸ್ ಇಲ್ಲ, ಸ್ಪಾನ್ಸರ್ ಹೆಸರು ಸೀಮೆಸುಣ್ಣದಲ್ಲಿ ಕರಿಹಲಗೆ ಮೇಲೆ.