ಚಹಾ ತೋಟ ತೋರಿಸಿದರು, ಪರ್ಮಿಟ್ ಮಾತ್ರ ತೋರಿಸಲಿಲ್ಲ

ಉಗಾಂಡಾದ ಕಿಬಾಲೆ ಕಾಡಿಗೆ ಚಿಂಪಾಂಜಿ ನೋಡಲು ಹೊರಟಿದ್ದೀರಾ? ನಿಮ್ಮ ಪ್ಯಾಕೇಜಿನಲ್ಲಿ 'ಗಿರಿಶ್ರೇಣಿಯ ಚಹಾ ತೋಟದ ಭೇಟಿ ಉಚಿತ' ಎಂಬ ಸಾಲು ಇದೆಯೇ? ಹಾಗಿದ್ದರೆ ಮುಂಗಡ ಕಳುಹಿಸುವ ಮುನ್ನ ಐದು ನಿಮಿಷ ಇದನ್ನು ಓದಿ. ನಮಗೆ ಆ ತೋಟವನ್ನು ತೋರಿಸಿದ್ದು ನಾವು ನೋಡಲಿ ಎಂದಲ್ಲ. ಏಜೆಂಟ್ ಕೊಳ್ಳದೇ ಬಿಟ್ಟಿದ್ದ, ಚಿಂಪಾಂಜಿ ನೋಡಲು ಬೇಕಾದ ಪರ್ಮಿಟ್ಟಿನ ವಿಷಯ ನಮಗೆ ಗೊತ್ತಾಗದಂತೆ ಒಂದು ಬೆಳಗ್ಗೆಯನ್ನು ದೂಡಬೇಕಿತ್ತು, ಅದಕ್ಕೆ.

ಕಂಪಾಲಾದಲ್ಲಿ ಕೆಲಸದಲ್ಲಿರುವ ಭಾವನ ಮನೆಗೆಂದು ಕುಟುಂಬ ಸಮೇತ ಹೋಗಿದ್ದೆವು. ಅಲ್ಲಿನ ಭಾರತೀಯರ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಈ ಏಜೆಂಟ್‌ನ ಹೆಸರು ಓಡಾಡುತ್ತಿತ್ತು. ಮಾತು ಬೆಣ್ಣೆಯಂತೆ. ಎಷ್ಟು ಸಲ ಕೇಳಿದರೂ "ಪರ್ಮಿಟ್ ನಮ್ಮ ಕಚೇರಿಯಲ್ಲಿ ಭದ್ರವಾಗಿದೆ" ಎಂಬುದೇ ಉತ್ತರ. ಇಡೀ ಹಣವನ್ನು ಮುಂಚೆಯೇ ಕಟ್ಟಿಸಿಕೊಂಡಿದ್ದ.

ಕಂಪಾಲಾದಿಂದ ಫೋರ್ಟ್ ಪೋರ್ಟಲ್ ಊರಿಗೆ ಸುಮಾರು 300 ಕಿ.ಮೀ. ಊರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಇಕ್ಕೆಲಗಳಲ್ಲಿ ಚಹಾ ಶುರುವಾಗುತ್ತದೆ. ಎತ್ತರ ಸುಮಾರು 1,500 ಮೀಟರ್. ಮೋಡ ಸರಿದರೆ ಪಶ್ಚಿಮಕ್ಕೆ ರುವೆಂಜೋರಿ ಪರ್ವತಸಾಲು. ಸಮಭಾಜಕ ವೃತ್ತ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಚಿಗುರು ಬರುತ್ತದೆ. ಮುನ್ನಾರ್, ಊಟಿ ಸುತ್ತಿ ಬಂದವರಿಗೆ ಹಸಿರು ಇಳಿಜಾರು ಹೊಸದೇನಲ್ಲ. ಇಲ್ಲಿ ಹೊಸದೆಂದರೆ ಗಡಿ. ಕಾಡು ಮುಗಿದ ಗೆರೆಯಲ್ಲೇ ಚಹಾ ಆರಂಭ, ನಡುವೆ ಅಲ್ಲಲ್ಲಿ ಫ್ಯಾಕ್ಟರಿಯ ಸೌದೆಗೆಂದು ಬೆಳೆಸಿದ ನೀಲಗಿರಿ. ಆನೆಗಾಗಲಿ ಬಬೂನ್‌ಗಾಗಲಿ ಚಹಾ ಎಲೆ ರುಚಿಸುವುದಿಲ್ಲ. ರೈತರ ಜೋಳ, ಬಾಳೆಯಾದರೆ ಒಂದೇ ರಾತ್ರಿಯಲ್ಲಿ ನೆಲಸಮ. ಕೊಡಗು, ಸಕಲೇಶಪುರದ ಕಡೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯೂ ನನ್ನನ್ನು ಸೆಳೆದಿತ್ತು. 1972ರ ಆಗಸ್ಟ್‌ನಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟಾಗ ಚಹಾ ಉದ್ಯಮವೂ ಮಲಗಿತು. ಸವರುವವರಿಲ್ಲದೆ ಸೊಂಟದೆತ್ತರದ ಗಿಡಗಳು ಮರಗಳಾದವು. 1980ರ ಹೊತ್ತಿಗೆ ದೇಶದ ಉತ್ಪಾದನೆ ಮೊದಲಿನ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಿತ್ತು. ಇಷ್ಟು ಕಥೆಯಿರುವ ತೋಟವನ್ನು ನೋಡಬೇಕೆಂಬ ಆಸೆ ತಪ್ಪೇನಲ್ಲ. ಏಜೆಂಟ್‌ಗೆ ಗೊತ್ತಿದ್ದದ್ದೂ ಅದೇ ಆಸೆ.

ಚಿಂಪಾಂಜಿ ನೋಡುವವರು ಬೆಳಿಗ್ಗೆ ಎಂಟರ ಹೊತ್ತಿಗೆ ಕಿಬಾಲೆಯ ಕನ್ಯಾಂಚು ಪ್ರವಾಸಿ ಕೇಂದ್ರದಲ್ಲಿರಬೇಕು. ಮಧ್ಯಾಹ್ನ ಎರಡಕ್ಕೆ ಇನ್ನೊಂದು ಸರದಿ. ನಮ್ಮದು ಬೆಳಗಿನದು ಎಂದೇ ಒಪ್ಪಂದ. ಆದರೆ ತಿಂಡಿಯ ಮೇಜಿನ ಬಳಿ ಬಂದ ಚಾಲಕ, "ಮೇಲಿನವರು ನಿಮ್ಮ ಸರದಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿದ್ದಾರೆ, ಅಲ್ಲಿಯವರೆಗೆ ಚಹಾ ತೋಟ" ಎಂದ. ಬದಲಾದ ಪರ್ಮಿಟ್ ತೋರಿಸು ಎಂದರೆ "ಗೇಟಿನಲ್ಲಿ ಕೊಡುತ್ತಾರೆ" ಎಂದ. ತೋಟದ ಹಾದಿಗೆ ತಿರುಗುತ್ತಿದ್ದಂತೆ ಉಚಿತವೆಂದಿದ್ದ ಭೇಟಿಗೆ 'ನಿರ್ವಹಣಾ ಶುಲ್ಕ' ಹುಟ್ಟಿಕೊಂಡಿತು: ತಲೆಗೆ 20 ಡಾಲರ್. ರಸೀದಿ ಇಲ್ಲ.

ಅವತ್ತು ಭಾನುವಾರ. ಕೊಯ್ಲಿಲ್ಲ. ಬೆನ್ನಿಗೆ ಬುಟ್ಟಿ ಕಟ್ಟಿದ ಒಬ್ಬರೂ ಕಾಣಲಿಲ್ಲ. ಫ್ಯಾಕ್ಟರಿಯ ಗೇಟಿನಲ್ಲಿದ್ದ ಕಾವಲುಗಾರ ಬಹಳ ಸಭ್ಯ ಮನುಷ್ಯ. ಮ್ಯಾನೇಜರ್ ಪತ್ರವಿದೆಯೇ ಎಂದು ಕೇಳಿದ, ಇಲ್ಲವೆಂದಾಗ ಕೈಮುಗಿಯದಿದ್ದರೂ ಅಷ್ಟೇ ನಯವಾಗಿ ವಾಪಸು ಕಳುಹಿಸಿದ. ನಾವು ಕೊಟ್ಟ ಶುಲ್ಕ ತೋಟದವರಿಗೆ ಒಂದು ಪೈಸೆಯೂ ತಲುಪಿಲ್ಲ ಎನ್ನುವುದು ಅಲ್ಲೇ ತಿಳಿಯಿತು. ಚಾಲಕ ಮುಖ ಕೆಡಿಸಿಕೊಳ್ಳಲಿಲ್ಲ. ಗಾಡಿ ತಿರುಗಿಸಿ, ಕಾಡಿನಂಚಿನ ಕೆಮ್ಮಣ್ಣಿನ ದಾರಿಯಲ್ಲಿ ನಿಲ್ಲಿಸಿ, "ಇಲ್ಲಿ ಫೋಟೊ ಚೆನ್ನಾಗಿ ಬರುತ್ತದೆ" ಎಂದು ಮೊಬೈಲ್ ಹಿಡಿದು ನೆರಳಿಗೆ ಹೋದ.

ಹಿಂದಿನ ರಾತ್ರಿ ಮಳೆಯಾಗಿತ್ತು. ಚಹಾ ಸಾಲುಗಳ ನಡುವೆ ಒದ್ದೆ ಮಣ್ಣಿನ ಮೇಲೆ ಕಪ್ಪುಗೆಂಪಿನ ದಪ್ಪ ಗೆರೆಯೊಂದು ಹರಿಯುತ್ತಿದ್ದುದನ್ನು ಮಗಳು ನೋಡಲಿಲ್ಲ. ಸಿಯಾಫು, ಅಂದರೆ ದಂಡೆತ್ತಿ ಹೋಗುವ ಆಫ್ರಿಕಾದ ಇರುವೆ. ನಡುವೆ ಸಣ್ಣ ಕೆಲಸಗಾರ ಇರುವೆಗಳು, ಎರಡೂ ಅಂಚಿನಲ್ಲಿ ದವಡೆ ತೆರೆದು ನಿಂತ ದೊಡ್ಡ ತಲೆಯ ಸೈನಿಕರು. ಕ್ಷಣದಲ್ಲಿ ಅವಳ ಮೊಣಕಾಲಿನವರೆಗೆ ಹತ್ತಿದ್ದವು. ಎಳೆದರೆ ದೇಹವಷ್ಟೇ ಕೈಗೆ ಬರುತ್ತದೆ. ತಲೆ ಚರ್ಮ ಕಚ್ಚಿಕೊಂಡೇ ಇರುತ್ತದೆ. ಹೋಟೆಲಿಗೆ ಮರಳಿದ ಮೇಲೆ ಕಾಲುಚೀಲದ ನೇಯ್ಗೆಯಿಂದ ಅಂಥ ತಲೆಗಳನ್ನು ಒಂದೊಂದಾಗಿ ಬಿಡಿಸಿದೆವು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ ಎಂದು ಅರಣ್ಯದ ಮಾರ್ಗದರ್ಶಿಗಳು ಕಾಡಿಗೆ ಹೊಕ್ಕುವ ಮೊದಲೇ ಹೇಳುತ್ತಾರೆ. ನಮ್ಮ ಜತೆ ಮಾರ್ಗದರ್ಶಿ ಎಲ್ಲಿದ್ದ? ಇದ್ದದ್ದು ಚಾಲಕನೊಬ್ಬ, ಅವನೂ ನೆರಳಿನಲ್ಲಿ.

ಮಧ್ಯಾಹ್ನ ಕನ್ಯಾಂಚು ತಲುಪಿದೆವು. ಹಸಿರು ಸಮವಸ್ತ್ರದ ರೇಂಜರ್ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋದರು, ಪುಟ ತಿರುವಿದರು, ನಮ್ಮ ಪಾಸ್‌ಪೋರ್ಟ್ ಮತ್ತೆ ಕೇಳಿದರು. ಹೆಸರಿಲ್ಲ. ಬೆಳಗಿನ ಪಟ್ಟಿಯಲ್ಲಿಯೂ ಇಲ್ಲ, ಮಧ್ಯಾಹ್ನದ್ದರಲ್ಲಿಯೂ ಇಲ್ಲ. ಸರದಿ ಬದಲಾಗಿರಲಿಲ್ಲ, ಇರಲೇ ಇಲ್ಲ. ಆ ದಿನದ ಪರ್ಮಿಟ್‌ಗಳೆಲ್ಲ ಮುಗಿದಿದ್ದವು. ಏಜೆಂಟ್‌ನ ಫೋನ್ ಸ್ವಿಚ್ ಆಫ್. ಚಾಲಕ ತಾನು ಬರೀ ಬಾಡಿಗೆ ಗಾಡಿಯವನೆಂದು ಕೈತೊಳೆದುಕೊಂಡ. ರೇಂಜರ್ ಮಾತಿನ ಧಾಟಿ ನೋಡಿದರೆ ಇಂಥ ಪ್ರವಾಸಿಗರು ಅವರಿಗೆ ಹೊಸಬರಲ್ಲ.

ಈಗ ಕೆಲಸಕ್ಕೆ ಬರುವ ಮಾತು. ಚಿಂಪಾಂಜಿ ಪರ್ಮಿಟ್ ಕೊಡುವುದು ಉಗಾಂಡಾ ವನ್ಯಜೀವಿ ಪ್ರಾಧಿಕಾರ. ಅದರ ಮುಖ್ಯ ಕಚೇರಿ ಕಂಪಾಲಾದ ಕಮ್ವೋಕ್ಯಾದಲ್ಲಿ, ಕಿರಾ ರಸ್ತೆಯಲ್ಲಿದೆ. 2024ರ ಜುಲೈನಿಂದ ವಿದೇಶಿ ಪ್ರವಾಸಿಗೆ ಕಿಬಾಲೆಯ ದರ 250 ಡಾಲರ್. ಅದಕ್ಕೆ ಮೊದಲು 200 ಇತ್ತು. ಯಾರಾದರೂ ಅದಕ್ಕಿಂತ ತೀರಾ ಅಗ್ಗವಾಗಿ ಕೊಡುತ್ತೇನೆಂದರೆ ಅವನು ಧರ್ಮಾತ್ಮನಲ್ಲ, ನಿಮ್ಮ ಹೆಸರಿನಲ್ಲಿ ಏನನ್ನೂ ಕೊಳ್ಳದವನು. ದಿನಕ್ಕೆ ಇಂತಿಷ್ಟೇ ಜನ, ಆರಾರು ಮಂದಿಯ ಗುಂಪು, ಚಿಂಪಾಂಜಿಗಳ ಬಳಿ ಒಂದೇ ಗಂಟೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್, ಡಿಸೆಂಬರ್‌ನಿಂದ ಫೆಬ್ರುವರಿಯ ಒಣ ತಿಂಗಳುಗಳಲ್ಲಿ ಗೇಟಿಗೆ ಹೋಗಿ ಕೊಳ್ಳುತ್ತೇನೆಂಬ ಭರವಸೆ ಬೇಡ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಸರದಿ ಇರುವ ಪರ್ಮಿಟ್ಟಿನ ಪ್ರತಿ ಕೈಗೆ ಬಂದ ಮೇಲಷ್ಟೇ ಉಳಿದ ಹಣ ಕೊಡಿ. 'ಪರ್ಮಿಟ್ ಶುಲ್ಕ ಸೇರಿ' ಎಂದು ಒಟ್ಟು ಮೊತ್ತ ಹೇಳುವವರಿಂದ ಅದನ್ನು ಬೇರೆ ಸಾಲಿನಲ್ಲಿ ಬರೆಸಿಕೊಳ್ಳಿ. ನೆಗಡಿ, ಕೆಮ್ಮು ಇದ್ದವರನ್ನು ಒಳಗೆ ಬಿಡುವುದಿಲ್ಲ ಎನ್ನುವುದೂ ನೆನಪಿರಲಿ. ನಮ್ಮ ರೋಗಗಳು ಚಿಂಪಾಂಜಿಗಳಿಗೆ ಸುಲಭವಾಗಿ ಅಂಟುತ್ತವೆ.

ಚಹಾ ನೋಡುವ ಆಸೆ ನಿಜವಾಗಿಯೂ ಇದ್ದರೆ ಪಾರ್ಕಿನ ದಿನಕ್ಕೆ ಅದನ್ನು ತುರುಕಬೇಡಿ. ರಸ್ತೆಯಿಂದ ಕಾಣುವ ತೋಟಕ್ಕೆ ಯಾರೂ ಶುಲ್ಕ ಕೇಳುವಂತಿಲ್ಲ. ಫ್ಯಾಕ್ಟರಿ ನೋಡಬೇಕಾದರೆ ಮೊದಲೇ ಬರೆದು ಒಪ್ಪಿಗೆ ಪಡೆದು, ವಾರದ ನಡುವೆ ಹೋಗಿ. ಕೊಯ್ದ ಎಲೆ ರಾತ್ರಿಯಿಡೀ ತೊಟ್ಟಿಗಳಲ್ಲಿ ಬಾಡಿ, ಮಾರನೆಯ ದಿನ ಹಲ್ಲಿನ ರೋಲರ್‌ಗಳಡಿ ಅರೆದು, ಹುದುಗಿ, ಒಣಗುತ್ತದೆ. ಭಾನುವಾರ ಕೊಯ್ಲಿಲ್ಲದ ತೋಟದಲ್ಲಿ ಸೋಮವಾರ ಬೆಳಿಗ್ಗೆ ಯಂತ್ರಗಳಿಗೂ ಕೆಲಸವಿರುವುದಿಲ್ಲ. ಈ ಸರಳ ಲೆಕ್ಕವನ್ನೂ ಹೇಳಲಾಗದವನಿಗೆ ತೋಟದ ಒಳಗೆ ಪರಿಚಯವಿಲ್ಲ ಎಂದೇ ತಿಳಿಯಿರಿ.

ಅಂದಹಾಗೆ, ಹಳದಿ ಜ್ವರದ ಲಸಿಕೆಯ ಪತ್ರ. ಹೋಗುವಾಗ ಉಗಾಂಡಾದವರು ಕೇಳುತ್ತಾರೆ. ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಪತ್ರಕ್ಕೆ ಬೆಲೆ. ನಮ್ಮ ಏಜೆಂಟ್ ಇದರ ಬಗ್ಗೆಯೂ ತುಟಿ ಬಿಚ್ಚಿರಲಿಲ್ಲ. ಭಾವ ಹೇಳಿದ್ದರಿಂದ ಬಚಾವಾದೆವು.

ಆ ಮಧ್ಯಾಹ್ನ ಪೂರ್ತಿ ಹಾಳಾಗಲಿಲ್ಲ. ರೇಂಜರ್ ಸೂಚಿಸಿದಂತೆ ಹತ್ತಿರದ ಬಿಗೋಡಿ ಜೌಗು ಪ್ರದೇಶಕ್ಕೆ ಹೋದೆವು. ಊರಿನವರೇ 1992ರಲ್ಲಿ ಸಂಘ ಕಟ್ಟಿ ಕಾಯ್ದುಕೊಂಡು ಬಂದ ಜಾಗ. ಮೇಜಿನ ಮೇಲೆ ದರದ ಪಟ್ಟಿ, ಹಣಕ್ಕೆ ಮೊಹರು ಒತ್ತಿದ ರಸೀದಿ. ಪಪೈರಸ್ ಜೊಂಡಿನ ನಡುವೆ ಹಲಗೆ ದಾರಿಯಲ್ಲಿ ನಡೆಯುವಾಗ ತಲೆಯ ಮೇಲೆ ಕೆಂಪು ಕೊಲೊಬಸ್ ಕೋತಿಗಳ ಹಿಂಡು ಕೊಂಬೆಯಿಂದ ಕೊಂಬೆಗೆ ಧುಮುಕುತ್ತಿತ್ತು. ಇರುವೆ ಕಚ್ಚಿದ ಮಗಳು ಕುಂಟುತ್ತಲೇ ನಕ್ಕಳು.

ಕಂಪಾಲಾಕ್ಕೆ ಮರಳಿದ ಮೇಲೆ ಏಜೆಂಟ್ ಕಚೇರಿಗೆ ಎಡತಾಕಿದ್ದೇ ಬಂತು. ಪರ್ಮಿಟ್ ಹಣ ವಾಪಸಾಗುವುದಿಲ್ಲ, ಅದು ಪಾರ್ಕಿನ ನಿಯಮ ಎಂದ. ಕೊಳ್ಳದ ಪರ್ಮಿಟ್‌ಗೆ ಯಾವ ನಿಯಮ ಎಂದರೆ ಉತ್ತರವಿಲ್ಲ. ಪೊಲೀಸರಿಗೆ ದೂರು ಬರೆದುಕೊಟ್ಟೆವು. ಇದುವರೆಗೆ ನಯಾಪೈಸೆ ಬಂದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅವನಿಂದ ಬಂದದ್ದು ಒಂದು ಸಂದೇಶ ಮಾತ್ರ: ಮುಂದಿನ ಪ್ರವಾಸಕ್ಕೆ ಶೇ 10 ರಿಯಾಯಿತಿಯಂತೆ, ಚಹಾ ತೋಟ ಈ ಸಲವೂ ಉಚಿತವಂತೆ.